ಒಳಕೋಣೆಯ ಸ್ಕ್ರೀನು

ಮಗಳೇ ವೇದಾ,

ಅದನ್ನೇ ನಾನು ನಿನ್ನೆ ಹೇಳಲು ಹೊರಟದ್ದು, ಅಷ್ಟರಲ್ಲಿ ನೀನು ಫೋನು ಇಟ್ಟುಬಿಟ್ಟೆ. ನೀನು ಕಂಪ್ಯೂಟರಿಗೆ ಬರೆದ ಸ್ಕ್ರಿಪ್ಟಿನದು ತಪ್ಪಿಲ್ಲ ಎಂದು ನಾನು ಅಂದದ್ದು ಸಮಾಧಾನದ ಮಾತಲ್ಲ. "ವರ್ಷಪೂರ್ತಿ ನಡದ ಸಿಪಿಯು ಪೋರ್ಟು ಒಮ್ಮಿಂದೊಮ್ಮೆಲೆ ಯಾಕ ಸಾಯ್ತದಪ್ಪಾ? ನನ್ನ ಸಲುವಾಗಿ ಸುಳ್ಳು ಹೇಳಬ್ಯಾಡ" ಎಂದೆಯಲ್ಲ, ಆ ಪ್ರಶ್ನೆಗೆ ನಿನ್ನೆ ಬೆಳಿಗ್ಗೆ ನನ್ನಲ್ಲಿ ಉತ್ತರವಿರಲಿಲ್ಲ. ಇವತ್ತು ಇದೆ. ಆದರೆ ಅದನ್ನು ಫೋನಿನಲ್ಲಿ ಹೇಳುವಂತಿಲ್ಲ. ನಾನು ಟ್ರಂಕ್ ಕಾಲ್ ಕಾಲದವನು, ಫೋನು ಹಿಡಿದರೆ ಕೂಗಿಯೇ ಮಾತಾಡುವವನು. ನಿನ್ನ ಅತ್ತೆ ವಿಜಯಕ್ಕ ಮನೆಯಲ್ಲೇ ಇರುತ್ತಾಳೆ. ಅವಳ ಕಿವಿಗೆ ಇದು ಬೀಳಬಾರದು. ಅದಕ್ಕೇ ಈ ಕಾಗದ. ನಾನು ನಿನಗೆ ಕಾಗದ ಬರೆದು ಎಷ್ಟು ವರ್ಷವಾಯಿತೋ. ನೀನು ಕಲಬುರಗಿಯ ಹಾಸ್ಟೆಲ್ಲಿನಲ್ಲಿದ್ದಾಗ ಬರೆಯುತ್ತಿದ್ದೆ. ಆಗ ನಿನ್ನ ಅವ್ವ ಕೊನೆಯಲ್ಲಿ ತನ್ನ ಎರಡು ಸಾಲು ಸೇರಿಸದೆ ಲಕೋಟೆ ಅಂಟಿಸಲು ಬಿಡುತ್ತಿರಲಿಲ್ಲ.

ನಿನಗೆ ಗೊತ್ತಿರುವುದನ್ನೂ ಮೊದಲಿಂದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನನ್ನ ತಲೆ ಈಗ ಹಾಗೆ, ಹಗ್ಗದ ತುದಿ ಹಿಡಿದು ಬಂದರೆ ಮಾತ್ರ ಗಂಟು ಕೈಗೆ ಸಿಗುತ್ತದೆ. ಬಿ.ಎಸ್ಸಿ.ಯಲ್ಲಿ ಫಿಜಿಕ್ಸ್ ರೆಕಾರ್ಡ್ ಬರೆಯುವಾಗ ಏಮ್, ಅಪರೇಟಸ್, ಪ್ರೊಸೀಜರ್ ಎಂದು ಒಂದರ ಕೆಳಗೊಂದು ಬರೆಯಬೇಕಿತ್ತು. "ಡೋಂಟ್ ರೈಟ್ ವಾಟ್ ಯು ವಾಂಟ್, ರೈಟ್ ವಾಟ್ ಯು ಸಾ" ಎಂದು ನಮ್ಮ ಲೆಕ್ಚರರು ಮೇಜು ಕುಟ್ಟುತ್ತಿದ್ದರು. ಆ ಮಾತಿಗೆ ಇನ್ನೂ ಒಂದು ಬಾಲವಿತ್ತು, ಅದು ಮರೆತಿದೆ. ನನ್ನ ಕಾಲೇಜಿನ ಇಂಗ್ಲಿಷೆಲ್ಲ ಹೀಗೇ, ಬಾಲ ಹರಿದದ್ದು.

ಇದೆಲ್ಲ ಶುರುವಾದದ್ದು ಅಂಬರೇಶನಿಂದ. ಶಿವರಾತ್ರಿ ಕಳೆದ ಮೇಲೆ ಒಂದು ದಿನ ಬೆಳಿಗ್ಗೆ ಬಾಗಿಲಲ್ಲಿ ಒಬ್ಬ ಗಟ್ಟಿ ಆಳು ನಿಂತಿದ್ದ, ಕೈಯಲ್ಲಿ ಒಣಮೆಣಸಿನಕಾಯಿಯ ಚೀಲ. ಕೃಷ್ಣಾ ದಂಡೆಯ ಗೂಗಲ್ ಊರಿನವನು, ಗೂಡ್ಸ್ ಆಟೋ ಓಡಿಸುತ್ತಾನಂತೆ. ಅವನ ಮಗಳು ದೇವದುರ್ಗದ ಕಾಲೇಜಿನಲ್ಲಿ ನಿನ್ನ ಹತ್ತಿರ ಕಂಪ್ಯೂಟರ್ ಕಲಿಯುತ್ತಾಳೆ ಎಂದ. "ಸರ, ಮೇಡಂ ಅವ್ರು ತಮ್ಮ ಅವ್ವಗ ಮಾತಾಡೋ ಸ್ಕ್ರೀನು ಮಾಡಿಕೊಟ್ಟಿದ್ರಂತಲ್ರಿ. ನಮ್ಮವ್ವ ಬೂದೆಮ್ಮಗೂ ಅದ ರೋಗ ಆಗ್ಯಾದ್ರಿ. ಕೈಕಾಲು ಹೋದವು, ಮಾತೂ ಹೋತು. ಕಣ್ಣು, ಒಂದು ಬೆರಳು ಅಷ್ಟ ಆಡಾಕತ್ತಾವ. ಮೇಡಂನ್ನ ಕೇಳಿದ್ರ ಒಲ್ಲೆ ಅಂದ್ರು." ಯಾಕಂತೆ ಎಂದು ಕೇಳಿದೆ. "ನಾ ಮಾಡಿದ್ದು ಹೊತ್ತಿಗೆ ಕೈ ಕೊಡ್ತದ, ಅದನ್ನ ನಂಬಬ್ಯಾಡ್ರಿ ಅಂದ್ರು" ಎಂದ. ಅಕ್ಕ ಚಹಾ ತಂದಿಟ್ಟಳು. ಅವನು ಲೋಟ ಹಿಡಿದುಕೊಂಡು, ಕುಡಿಯದೆ, ಮೊನ್ನೆ ನಡೆದದ್ದು ಹೇಳಿದ. "ನಮ್ಮವ್ವ ಒಂದಿನ ಕಣ್ಣಾಗ ನೀರು ಇಳಿಸಾಕತ್ತಿದ್ಲ್ರಿ. ನೀರು ಬೇಕೇನಬೇ, ಗಂಜಿ ಬೇಕೇನಬೇ, ಮೊಮ್ಮಗಳನ್ನ ಕರೀಲೇನಬೇ ಅಂತ ಮನಿಮಂದಿಯೆಲ್ಲ ಕೇಳಿದಿವಿ. ಎಲ್ಲಾಕ್ಕೂ ಹಂಗ ನೋಡ್ತಾಳ. ಕಡೀಗೆ ಹೊಳ್ಳಿಸಿದ್ರ ಬೆನ್ನ ಕೆಳಗ ಕೆಂಪಿರುವಿ ಮುತ್ತಿದ್ದವ್ರಿ."

ಹತ್ತು ಸಲದಲ್ಲಿ ಒಂದು ಸಲ ಅದು ಕೈಕೊಟ್ಟರೆ ಏನು ಮಾಡುತ್ತೀ ಎಂದು ನಾನು ಕೇಳಿದೆ. ಅವನು ಹೇಳಿದ, "ಕೊಡಲಿ ಬಿಡ್ರಿ. ಈಗ ಹತ್ತೂ ಸಲ ನಾವ ಕೈ ಕೊಡಾಕತ್ತೀವಿ."

ಅವನು ಹೋದ ಮೇಲೆ ನಾನು ಪಡಸಾಲೆಯ ಕಂಪ್ಯೂಟರಿನ ಮೇಲೆ ಹೊದಿಸಿದ್ದ ಬಟ್ಟೆ ತೆಗೆದೆ. ಐದು ತಿಂಗಳಾಗಿತ್ತು ಅದಕ್ಕೆ ಬಟ್ಟೆ ಹೊದಿಸಿ.

ಏಮ್ ಬರೆದದ್ದಾಯಿತು ಎಂದುಕೋ. ಅಪರೇಟಸ್ ಬರೆಯುತ್ತೇನೆ. ನೀನು ನಿನ್ನ ಅವ್ವನ ಕಣ್ಣೆದುರಿನ ಗೋಡೆಗೆ ಒಂದು ಹಳೆಯ ಸ್ಕ್ರೀನು ಕೂರಿಸಿದೆ. ಅದರ ಕರೆಂಟಿನ ವೈರಿನ ನಡುವೆ ಮೆತ್ತಗಿನ ಬಟನ್ನು ಹಾಕಿಸಿ ಅವಳ ಬಲಗೈ ಬೆರಳಿನ ಕೆಳಗೆ ಇಟ್ಟೆ. ಅವಳಲ್ಲಿ ಆಗ ಉಳಿದಿದ್ದದ್ದು ಆ ಒಂದು ಬೆರಳಿನ ಬಲ. ಅವಳು ಒತ್ತಿದರೆ ಸ್ಕ್ರೀನಿಗೆ ಕರೆಂಟು ಬರಬೇಕು. ಗೋಡೆಯ ತೂತಿನಿಂದ ಹಾದುಬಂದ ಕೇಬಲ್ಲಿನ ಮೂಲಕ ಪಡಸಾಲೆಯ ಸಿಪಿಯುಗೆ ಅದು ತಿಳಿಯಬೇಕು. ಎರಡು ಸೆಕೆಂಡಿಗೊಮ್ಮೆ ನಿನ್ನ ಸ್ಕ್ರಿಪ್ಟು ಎದ್ದು, ಎರಡನೇ ಸ್ಕ್ರೀನು ಬಂದಿದೆಯೇ ಎಂದು ಯಂತ್ರವನ್ನು ಕೇಳುತ್ತಿತ್ತು. ಬಂದಿದೆ ಎಂದರೆ ನನ್ನ ಮೇಜಿನ ಮೇಲೆ ಗಂಟೆ, ಅವಳೆದುರಿಗೆ ಅಕ್ಷರಗಳ ಹಲಗೆ. ನಾನೋ ಅಕ್ಕನೋ ಕೀಬೋರ್ಡು ಹಿಡಿದು ಪಕ್ಕದಲ್ಲಿ ಕೂರುತ್ತಿದ್ದೆವು. ಹಳದಿ ಪಟ್ಟಿ ಸಾಲಿಂದ ಸಾಲಿಗೆ ಇಳಿಯುವಾಗ ಬೇಕಾದಲ್ಲಿ ಅವಳು ಕಣ್ಣು ಮುಚ್ಚುತ್ತಿದ್ದಳು, ನಾವು ಕೀಲಿ ಒತ್ತುತ್ತಿದ್ದೆವು. ಬರೀ ಕಾಲಿಂಗ್ ಬೆಲ್ ಸಾಕಿತ್ತಲ್ಲ ಎಂದು ನೋಡಲು ಬಂದವರೆಲ್ಲ ಹೇಳಿದರು. ನೀನು ಒಪ್ಪಲಿಲ್ಲ. "ಬೆಲ್ ಒತ್ತಿದ್ರ ನೀವು ಬಂದು ಊಹೆ ಮಾಡ್ಕೋತ ನಿಲ್ತೀರಿ. ಅವ್ವ ತಾನೇ ಹೇಳಬೇಕು" ಎಂದೆ. ದಿನಾ ಬಸ್ಸಿನಲ್ಲಿ ಮಾನ್ವಿಗೆ ಹೋಗಿ ಮಕ್ಕಳಿಗೆ ಕನ್ನಡ ಕಲಿಸಿ ಬಂದವಳು ಅವಳು. "ನೀರು" ಎಂದರೆ ಸಾಕಿದ್ದಾಗಲೂ "ಸ್ವಲ್ಪ ಬಿಸಿನೀರು ಕೊಡಿರಿ" ಎಂದು ಮುಗಿಸುವವರೆಗೆ ಹಲಗೆಯಿಂದ ಕಣ್ಣು ತೆಗೆಯುತ್ತಿರಲಿಲ್ಲ. ಕೀಲಿ ಒತ್ತುತ್ತಿದ್ದ ಅಕ್ಕ "ನಿನ್ನ ವಾಕ್ಯ ಮುಗಿಯೂದರಾಗ ಒಲಿ ಆರ್ತದ ನೋಡವಾ" ಎಂದು ಗೊಣಗುತ್ತಿದ್ದಳು. ನಿನ್ನ ಅವ್ವ ಕಣ್ಣಿನಲ್ಲೇ ನಗುತ್ತಿದ್ದಳು.

ಭಾದ್ರಪದ ಹುಣ್ಣಿಮೆಯ ಗ್ರಹಣವಾದ ವಾರ ಅದು ತಪ್ಪಲು ಶುರುವಾಯಿತು. ಅವಳು ಒತ್ತಿದರೆ ಒಮ್ಮೆ ಗಂಟೆ ಬಾರಿಸುತ್ತಿತ್ತು, ಒಮ್ಮೆ ಇಲ್ಲ. ನೀನು ಭಾನುವಾರ ಬಂದು ಕೂತೆ. ಎರಡು ಸೆಕೆಂಡು ಎಂದಿದ್ದದ್ದನ್ನು ಒಂದು ಮಾಡಿದೆ, ಇನ್ನೂ ಕೆಲವು ಸಾಲು ತಿದ್ದಿದೆ. ನಿನ್ನೆದುರಿಗೆ ಅದು ಸರಿಯಾಗಿಯೇ ಬಾರಿಸಿತು. "ಟೈಮಿಂಗಿನ ಲಫಡಾ ಇತ್ತಪ್ಪಾ, ಈಗ ಬರೋಬ್ಬರಿ ಆತು" ಎಂದು ಸಂಜೆಯ ಬಸ್ಸಿಗೆ ಹೋದೆ. ಬುಧವಾರ ಮಧ್ಯಾಹ್ನ ನಿನ್ನ ಅವ್ವ ಹೋದಳು. ನಾನು ಈ ಮೇಜಿನ ಮುಂದೆಯೇ ಪೇಪರು ಓದುತ್ತ ಕೂತಿದ್ದೆ. ಅಕ್ಕ ಹಿತ್ತಲಲ್ಲಿ ಹತ್ತಿ ಬಿಡಿಸಿ ಬತ್ತಿ ಹೊಸೆಯುತ್ತಿದ್ದಳು. ಗಂಟೆ ಬಾರಿಸಲಿಲ್ಲ. ಗಂಜಿ ತೆಗೆದುಕೊಂಡು ಒಳಗೆ ಹೋದರೆ ಕೋಣೆಯೆಲ್ಲ ನೀಲಿ ಬೆಳಕು. ಸ್ಕ್ರೀನಿನ ನಡುವೆ ಸಣ್ಣ ಚೌಕದಲ್ಲಿ ನೋ ಸಿಗ್ನಲ್ ಎಂದಿತ್ತು. ಬೆರಳು ಬಟನ್ನಿನ ಮೇಲೆ ಹಾಗೇ ಇತ್ತು.

ಅದನ್ನು ಆರಿಸಬೇಕೆಂದು ಆ ಹೊತ್ತಿನಲ್ಲಿ ಯಾರಿಗೂ ಹೊಳೆಯಲಿಲ್ಲ. ದೇವದುರ್ಗದಿಂದ ಓಡಿಬಂದ ನೀನು ಅವ್ವನ ಮುಖಕ್ಕಿಂತ ಮೊದಲು ಆ ಚೌಕ ನೋಡಿದೆ. "ಅವ್ವ ಕರದಾಳ. ನನ್ನ ಸ್ಕ್ರಿಪ್ಟಿಗೆ ಕಾಣಲಿಲ್ಲ" ಎಂದೆ. ಅಷ್ಟೇ. ಕರ್ಮಾಂತರ ಮುಗಿಸಿ ಹೋದವಳು ಮತ್ತೆ ಈ ಹೊಸ್ತಿಲು ತುಳಿಯಲಿಲ್ಲ. ದೇವದುರ್ಗವೇನು ಸಮುದ್ರದಾಚೆ ಇದೆಯೇ? ಅಕ್ಕ ಪ್ರತಿ ಮಾಸಿಕಕ್ಕೂ ನಿನ್ನ ಎಲೆ ಹಾಕಿ, ಕಾಯ್ದು, ತೆಗೆದಳು.

ಇನ್ನು ಪ್ರೊಸೀಜರ್. ನೀನು ಕಲಿಸಿಕೊಟ್ಟ ಹಾಗೆ ಯಂತ್ರ ಹಚ್ಚಿ, ಆಜ್ಞೆ ಬರೆಯುವ ಕಪ್ಪು ಕಿಟಕಿ ತೆರೆದು, ನಿನ್ನ ಸ್ಕ್ರಿಪ್ಟನ್ನು ಮೇಲಿಂದ ಕೆಳಗೆ ಓದಿದೆ. ಇಫ್, ದೆನ್, ಎಲ್ಸ್ ಇಷ್ಟೇ ನನಗೆ ತಿಳಿದದ್ದು. ಎಲ್ಲವೂ ನಿನ್ನ ಕೈಬರಹದಷ್ಟೇ ಒಪ್ಪವಾಗಿತ್ತು. ಒಳಕೋಣೆಗೆ ಹೋಗಿ ಬಟನ್ನು ಒತ್ತಿದೆ. ಸ್ಕ್ರೀನು ಬೆಳಗಿತು, ಅದೇ ನೋ ಸಿಗ್ನಲ್. ಪಡಸಾಲೆಯಲ್ಲಿ ಗಂಟೆಯಿಲ್ಲ. ಆ ನೀಲಿಯನ್ನು ಮತ್ತೆ ನೋಡಿದ ಮೇಲೆ ಅವತ್ತು ಅಲ್ಲಿಗೇ ಬಿಟ್ಟೆ.

ಮರುದಿನ ಒಂದು ಯುಕ್ತಿ ಹೊಳೆಯಿತು. ಸ್ಕ್ರಿಪ್ಟು ಕೇಳುವುದು ಯಂತ್ರವನ್ನಲ್ಲವೇ? ಆ ಪ್ರಶ್ನೆಯನ್ನು ನಾನೇ ನೇರವಾಗಿ ಕೇಳಿದರೆ? ಸ್ಕ್ರಿಪ್ಟನ್ನು ನಿಲ್ಲಿಸಿ, ಎಕ್ಸ್‌ರ್ಯಾಂಡರ್ ಎಂಬ ಆ ಒಂದು ಮಾತನ್ನು ಕಿಟಕಿಯಲ್ಲಿ ಬರೆದು ಎಂಟರ್ ಒತ್ತಿದೆ. ನನ್ನ ಸ್ಕ್ರೀನಿನ ಮುಂದೆ ಕನೆಕ್ಟೆಡ್, ಅವಳ ಸ್ಕ್ರೀನಿನ ಮುಂದೆ ಡಿಸ್‌ಕನೆಕ್ಟೆಡ್. ಒಳಗೆ ಅದು ಉರಿಯುತ್ತಿರುವಾಗಲೇ ಯಂತ್ರ ಹಾಗೆ ಹೇಳಿತು. ವೇದಾ, ನಿನ್ನ ಸ್ಕ್ರಿಪ್ಟು ಕುರುಡಾಗಿರಲಿಲ್ಲ. ಯಂತ್ರ ಇಲ್ಲ ಎಂದದ್ದನ್ನು ಅದು ಇಲ್ಲ ಎಂದು ನಂಬಿತು. ನೀನು ಒಂದು ಸೆಕೆಂಡಿಗೊಮ್ಮೆ ಕೇಳಿಸಿದರೂ, ಅರ್ಧ ಸೆಕೆಂಡಿಗೊಮ್ಮೆ ಕೇಳಿಸಿದರೂ ಸಿಗುತ್ತಿದ್ದ ಉತ್ತರ ಅದೇ.

ಆಮೇಲೆ ಒಂದೊಂದನ್ನೇ ಬದಲಿಸುತ್ತ ಹೋದೆ. ಲ್ಯಾಬಿನಲ್ಲಿ ಬಲ್ಬು ಹತ್ತದಿದ್ದರೆ ಹೀಗೇ ಮಾಡುತ್ತಿದ್ದೆವು. ಅವಳ ಸ್ಕ್ರೀನನ್ನು ಗೋಡೆಯಿಂದ ಇಳಿಸಿ ನನ್ನ ಕೇಬಲ್ಲಿಗೆ ಹಚ್ಚಿದೆ, ನಡೆಯಿತು. ಸಿಪಿಯು ಹಿಂದೆ ಅವಳ ಕೇಬಲ್ಲನ್ನು ನನ್ನ ಸ್ಕ್ರೀನಿನ ಪೋರ್ಟಿಗೆ ಹಚ್ಚಿದೆ, ನಡೆಯಿತು. ನನ್ನ ಕೇಬಲ್ಲನ್ನು ಅವಳ ಪೋರ್ಟಿಗೆ ಹಚ್ಚಿದೆ, ನಡೆಯಲಿಲ್ಲ. ಮೇಜಿನ ಹಿಂದೆ ಬಗ್ಗಲು ಸೊಂಟ ಬಿಡದು, ಎಲ್ಲವೂ ಕೈಯ ಅಂದಾಜಿನಿಂದ ಮಾಡಿದ್ದು. ಒಮ್ಮೆ ಜೋರಾಗಿ ಊದಿದಾಗ ಕ್ಷಣಮಾತ್ರ ಕನೆಕ್ಟೆಡ್ ಎಂದು ತೋರಿಸಿ ಮತ್ತೆ ಹೋಯಿತು. ಆ ಪೋರ್ಟೇ ಸತ್ತಿದೆ ಎಂದು ತೀರ್ಮಾನಿಸಿ ನಿನ್ನೆ ಬೆಳಿಗ್ಗೆ ನಿನಗೆ ಫೋನು ಮಾಡಿದೆ. ನೀನು ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. ಒಂದು ವರ್ಷ ನಡೆದದ್ದು ಯಾಕೆ ಸಾಯಬೇಕು.

ನಿನ್ನೆ ಹೋಳಿ ಹುಣ್ಣಿಮೆ, ಚಂದ್ರ ಹುಟ್ಟುವಾಗಲೇ ಗ್ರಹಣ. ನೀನು ಫೋನು ಇಟ್ಟ ಬೇಸರದಲ್ಲಿ ನಾನು ಮಲಗಿಬಿಟ್ಟಿದ್ದೆ. ಮಧ್ಯಾಹ್ನ ಎದ್ದು ನೋಡಿದರೆ ಅಕ್ಕ ದರ್ಭೆಯ ಕಟ್ಟು ಹಿಡಿದು ಮನೆಯೆಲ್ಲ ಸುತ್ತುತ್ತಿದ್ದಾಳೆ. ಅವಳ ಗ್ರಹಣದ ಸಂಭ್ರಮ ನಿನಗೆ ಗೊತ್ತಲ್ಲ. ಉಪ್ಪಿನಕಾಯಿ ಜಾಡಿಗೆ ಒಂದು ಎಳೆ, ತುಪ್ಪದ ಗಿಂಡಿಗೆ ಒಂದು, ಹಪ್ಪಳದ ಡಬ್ಬಿಗೆ, ನೀರಿನ ಕೊಡಕ್ಕೆ, ಫ್ರಿಜ್ಜಿನೊಳಗಿನ ಹಾಲಿಗೆ ಒಂದೊಂದು. ಹಾಗೇ ಪಡಸಾಲೆಗೆ ಬಂದಳು. ಮೇಜಿನ ಅಂಚು ಹಿಡಿದು, ಉಸ್ಸೆಂದು ಬಗ್ಗಿ, ಸಿಪಿಯು ಹಿಂದೆ ಕೈ ಚಾಚಿ ಒಂದು ಎಳೆ ಸಿಕ್ಕಿಸಿದಳು.

"ಅಕ್ಕಾ, ಅದರಾಗ ಏನು ತಿನ್ನೂದದ ಅಂತ ದರ್ಭಿ ಇಡ್ಲಿಕತ್ತಿ?" ಎಂದು ನಗುತ್ತಲೇ ಕೇಳಿದೆ.

"ತಿನ್ನೂದಷ್ಟ ಕಾಯಬೇಕೇನು? ಅಕಿ ಆಡಿದ ಮಾತೆಲ್ಲ ಇದರಾಗಲ್ಲೇನೋ ಇರೂದು. ಉಪ್ಪಿನಕಾಯಿ ಕೆಡಬಾರದು, ಮಾತು ಕೆಟ್ರ ನಡೀತದೇನು? ಹೋದ ಗ್ರಹಣದಾಗೂ ಇಟ್ಟಿದ್ದೆ. ಆಗಂತೂ ಇದು ಅಕಿ ಬಾಯಿನ ಆಗಿತ್ತು."

ಎಲ್ಲಿ ಇಟ್ಟಿದ್ದೆ ಎಂದು ಕೇಳಿದೆ. ನಗು ನನ್ನ ಬಾಯಲ್ಲೇ ಒಣಗಿತು.

"ಇಲ್ಲೇ ಇಟ್ಟಿದ್ದೆ. ಅಕಿ ಕೋಣಿ ವಾಯರ್ ಬಂದು ಸೇರ್ತದಲ್ಲ, ಆ ಸಂದಿನಾಗ. ಅಲ್ಲಿಂದಲ್ಲೇನು ಅಕಿ ಮಾತು ಒಳಗ ಹೋಗೂದು? ಭಾಳ ಬಿಗಿ ಇತ್ತೋ. ಮರುದಿನ ಜಗ್ಗಿದ್ರ ತುದಿ ಮುರದು ಬಂತು."

ನಾನು ಮುಖ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದೆ. ಗ್ರಹಣ ಬಿಟ್ಟು, ಮೋಕ್ಷದ ಸ್ನಾನವಾಗುವವರೆಗೆ ಅವಳು ಏನನ್ನೂ ಮುಟ್ಟಲು ಬಿಡುವುದಿಲ್ಲ. ಬಿಟ್ಟಿದ್ದರೂ ನಿನ್ನೆ ನನಗೆ ಧೈರ್ಯವಿರಲಿಲ್ಲ.

ಇವತ್ತು ಬೆಳಿಗ್ಗೆ ಬೀದಿಯಲ್ಲಿ ಹುಡುಗರ ಬಣ್ಣದ ಗದ್ದಲ. ಬಾಗಿಲು ಹಾಕಿಕೊಂಡು ಸಿಪಿಯುವನ್ನು ಕಿಟಕಿಯ ಹತ್ತಿರ ಎಳೆದೆ. ನಿನ್ನೆಯ ಎಳೆ ಇಡಿಯಾಗಿ ಹೊರಗೆ ಬಂತು. ಕೇಬಲ್ಲು ಕಿತ್ತು ಪೋರ್ಟಿನೊಳಗೆ ಟಾರ್ಚು ಬಿಟ್ಟೆ. ತಳದಲ್ಲಿ, ಓರೆಯಾಗಿ, ಒಂದು ಬೂದು ಬಣ್ಣದ ಚೂರು. ಕನ್ನಡಿಯ ಡ್ರಾವರಿನಲ್ಲಿ ನಿನ್ನ ಹಳೆಯ ಹುಬ್ಬಿನ ಚಿಮಟ ಇತ್ತು, ಅದರಿಂದ ತೆಗೆದೆ. ಭತ್ತದ ಕಾಳಿನಷ್ಟು ಉದ್ದದ ಒಣ ಹುಲ್ಲು. ಅದರ ಮೇಲೆ ಕೂತ ಕೇಬಲ್ಲು ಕೂದಲೆಳೆಯಷ್ಟು ಎದ್ದು ನಿಲ್ಲುತ್ತಿತ್ತು. ಅಲುಗಿದರೆ ತಾಗುತ್ತಿತ್ತು, ಮತ್ತೆ ಅಲುಗಿದರೆ ಬಿಡುತ್ತಿತ್ತು. ನೀನು ಆ ಭಾನುವಾರ ಕೂತಾಗ ಸಿಪಿಯುವನ್ನು ನಿನ್ನ ಕಡೆಗೆ ಸ್ವಲ್ಪ ಎಳೆದುಕೊಂಡಿದ್ದೆ, ನನಗೆ ನೆನಪಿದೆ. ಅದಕ್ಕೇ ಅವತ್ತು ಬಾರಿಸಿತು. ನೀನು ತಿದ್ದಿದ ಸಾಲಿನಿಂದ ಅದು ಸರಿಯಾಗಿರಲಿಲ್ಲ. ನೀನು ತಿದ್ದಿದ ಸಾಲಿನಿಂದ ಅದು ಕೆಡಲೂ ಇಲ್ಲ.

ಚೂರನ್ನು ಲಕೋಟೆಯಲ್ಲಿ ಹಾಕಿ ಕಳಿಸೋಣ, ಕಣ್ಣಾರೆ ನೋಡಿದರೆ ನಂಬುತ್ತಾಳೆ ಎಂದುಕೊಂಡೆ. ಆಮೇಲೆ ಬೇಡ ಅನ್ನಿಸಿತು. ಅದು ನಿನ್ನ ಮೇಜಿನ ಡ್ರಾವರಿನಲ್ಲಿ ಉಳಿದುಬಿಡುತ್ತದೆ. ತುಳಸಿಯ ಬುಡದಲ್ಲಿ ಹಾಕಿ ಮಣ್ಣು ಮುಚ್ಚಿದೆ.

ಕೇಬಲ್ಲು ಹಾಕಿ, ಸ್ಕ್ರಿಪ್ಟು ನಡೆಸಿ, ಒಳಕೋಣೆಗೆ ಹೋದೆ. ಅವಳ ಮಂಚದ ಮೇಲೆ ಈಗ ಹಾಸಿಗೆಯಿಲ್ಲ. ಬರೀ ಹಲಗೆಯ ಮೇಲೆ ಕೂತು ಬಟನ್ನನ್ನು ಒತ್ತಿದೆ. ಪಡಸಾಲೆಯಲ್ಲಿ ಗಂಟೆ ಬಾರಿಸಿತು. ಎದುರಿಗೆ ಅಕ್ಷರದ ಹಲಗೆ ಬಂತು, ಹಳದಿ ಪಟ್ಟಿ ಇಳಿಯತೊಡಗಿತು. ನನಗೆ ಸಂತೋಷಪಡಲು ಸಮಯ ಸಿಗಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದು, ಹಿಂದೆಯೇ "ಬಂದೆ, ಬಂದೆನವಾ, ಏನಾತು?" ಎನ್ನುತ್ತ ಅಕ್ಕ. ಆ ಮೊಣಕಾಲಿನಲ್ಲಿ ಅವಳು ಹಾಗೆ ಓಡುತ್ತಾಳೆಂದು ನಾನು ಎಣಿಸಿರಲಿಲ್ಲ. ಕೈಯೆಲ್ಲ ಹಿಟ್ಟು. ಬಾಗಿಲಲ್ಲಿ ನಿಂತು ಮಂಚದ ಮೇಲೆ ನನ್ನನ್ನು ನೋಡಿದಳು, ನನ್ನ ಕೈಯಲ್ಲಿದ್ದ ಬಟನ್ನು ನೋಡಿದಳು, ಸ್ಕ್ರೀನು ನೋಡಿದಳು. ಆಮೇಲೆ ಮಂಚದ ಇನ್ನೊಂದು ತುದಿಯಲ್ಲಿ ಕೂತು, ಹಿಟ್ಟಿನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, "ಏನಾಗಿತ್ತೋ ಇದಕ್ಕ?" ಎಂದಳು.

ಧೂಳು ಕೂತಿತ್ತು ಎಂದೆ.

"ನಾ ದಿನಾ ಒರಸ್ತಿದ್ನಲ್ಲೋ, ಶೇಷಾ." ಮತ್ತೆ ಅವಳೇ, "ಮುಂದಷ್ಟ ಒರಸ್ತಿದ್ದೆ. ಹಿಂದನೂ ಒರಸಬೇಕಿತ್ತೇನು?"

ಧೂಳು ಎಂಬ ಒಂದು ಸುಳ್ಳನ್ನೇ ಅವಳು ತನ್ನ ತಲೆಯ ಮೇಲೆ ಎಳೆದುಕೊಳ್ಳುವುದನ್ನು ನೋಡಿದೆಯಾ? ಒಳಗಿನ ಧೂಳಕ್ಕಾ, ಒರೆಸಿದರೆ ಹೋಗುವುದಲ್ಲ ಎಂದು ಹೇಳಿ ಅದನ್ನು ಅಲ್ಲಿಗೆ ನಿಲ್ಲಿಸಿದೆ. ನಿಜ ಹೇಳಿದ್ದರೆ? ಕಲ್ಲೂರಿನಿಂದ ಗಂಡನನ್ನು ಕಳೆದುಕೊಂಡು ಬಂದವಳು, ನಿನ್ನ ಅವ್ವ ಸಾಲೆಗೆ ಹೋದಾಗ ನಿನ್ನನ್ನು ಸೊಂಟದಿಂದ ಇಳಿಸದೆ ಬೆಳೆಸಿದವಳು. ಜೀವಮಾನವೆಲ್ಲ ಮಡಿ ಮಡಿ ಎಂದು ದೂರ ಸರಿಯುತ್ತಿದ್ದವಳು ಆ ಒಂದು ವರ್ಷ ನಿನ್ನ ಅವ್ವನ ಮೈಲಿಗೆಯೆಲ್ಲ ಬಳಿದಳು, ಒಮ್ಮೆಯೂ ಮುಖ ಸಿಂಡರಿಸಲಿಲ್ಲ. ಅವಳು ಆ ಎಳೆ ಇಟ್ಟದ್ದು ನಿನ್ನ ಅವ್ವನ ಮಾತು ಕೆಡಬಾರದೆಂದು. ಅವಳಿಗೆ ಎಂಬತ್ತಾಗುತ್ತ ಬಂತು. ಈ ಸತ್ಯ ತಿಳಿದರೆ ಅವಳು ಊಟ ಬಿಡುತ್ತಾಳೆ, ನನಗೆ ಗೊತ್ತು.

ಹಾಗಾದರೆ ನಿನಗೂ ಧೂಳು ಎಂದೇ ಹೇಳಬಹುದಿತ್ತಲ್ಲ ಎಂದು ಕೇಳುತ್ತೀ. ಮಧ್ಯಾಹ್ನವೆಲ್ಲ ಅದನ್ನೇ ಯೋಚಿಸಿದೆ. ಧೂಳೆಂದರೆ ನೀನು ನಂಬುವವಳಲ್ಲ. ಊದಿದಾಗ ಯಾಕೆ ಹೋಗಲಿಲ್ಲ, ಭಾನುವಾರ ಯಾಕೆ ಬಾರಿಸಿತು ಎಂದು ಒಂದೊಂದೇ ಎಳೆ ಬಿಡಿಸಿ ಕೊನೆಗೆ ನಿನ್ನ ಸಾಲುಗಳ ಹತ್ತಿರವೇ ಹೋಗಿ ನಿಲ್ಲುತ್ತೀ. ಅಕ್ಕನಿಗೆ ಸುಳ್ಳು ಸಾಕು, ನಿನಗೆ ಸಾಲದು. ನಿನ್ನ ಎದೆಯ ಕಲ್ಲನ್ನು ಇಳಿಸಲು ಹೋಗಿ ಇನ್ನೊಂದು ಕಲ್ಲನ್ನು ಕೈಗೆ ಕೊಡುತ್ತಿದ್ದೇನೆ, ತಿಳಿದೇ ಕೊಡುತ್ತಿದ್ದೇನೆ. ಇದು ನಿನಗೂ ನನಗೂ ಗೊತ್ತಿರಲಿ. ಅತ್ತೆಯ ಎದುರಿಗೆ ಧೂಳು ಎಂದೇ ಇರಲಿ. ಅವಳ ಮೇಲೆ ಸಿಟ್ಟು ಬಂದರೆ ಸಿಟ್ಟು ಇಳಿಯುವವರೆಗೆ ಇಲ್ಲಿಗೆ ಬರಬೇಡ. ಇಳಿದ ಮೇಲೆ ಬಾ.

ನಿನ್ನ ಅವ್ವ ಏನು ಹೇಳಬೇಕೆಂದು ಒತ್ತಿದಳೋ, ಅದು ನಮಗೆ ಇನ್ನು ಸಿಗುವುದಿಲ್ಲ. ನೀರೆಂದೋ, ಬೆನ್ನೆಂದೋ, ನಿನ್ನ ಹೆಸರೋ. ಸುಮ್ಮನೆ ಬಂದು ಕೂತುಕೋ ಎಂದೋ. ಓಡಿ ಹೋಗಿದ್ದರೂ ಉಸಿರು ನಿಲ್ಲುವುದಿತ್ತು ಎಂದು ಡಾಕ್ಟರು ಹೇಳಿದ್ದಾರೆ, ಅದು ನಿಜವೇ ಇರಬೇಕು. ಆದರೆ ಅವಳು ಕರೆದಳು, ನಾನು ಗೋಡೆಯ ಈಚೆ ಪೇಪರಿನ ಪುಟ ತಿರುವುತ್ತಿದ್ದೆ. ಈ ಸಂಕಟಕ್ಕೆ ರಿಪೇರಿ ಇಲ್ಲ. ಇದು ಮನೆಯ ಮೂವರದೂ. ನೀನೊಬ್ಬಳೇ ಹೊತ್ತುಕೊಂಡು ದೇವದುರ್ಗದಲ್ಲಿ ಕೂತರೆ ನಮ್ಮಿಬ್ಬರ ಪಾಲು ಕಡಿಮೆಯಾಗುವುದಿಲ್ಲ.

ಅಕ್ಕ ಮಂಚದ ಮೇಲೆ ಕೂತು ಕೊನೆಗೆ ಅಂದ ಮಾತು ಬರೆದುಬಿಡುತ್ತೇನೆ. "ಬರೋಬ್ಬರಿ ಆತಲ್ಲ, ಇನ್ನ ಆ ಗೂಗಲ್ ಹೆಣ್ಣಮಗಳಿಗೆ ಕೊಟ್ಟುಬಿಡು. ಇದು ಇಲ್ಲೇ ಇದ್ರ ನೀ ಒತ್ತಾವ, ನಾ ಓಡಿ ಬರಾಕಿ. ಎಷ್ಟು ಸಲ ಓಡಲಿ?"

ಅಂಬರೇಶನಿಗೆ ಹೇಳಿ ಕಳಿಸಿದ್ದೇನೆ. ನಾಳೆ ಬೆಳಿಗ್ಗೆ ಗಾಡಿ ತರುತ್ತಾನೆ. ಸ್ಕ್ರೀನು, ಸಿಪಿಯು, ಕೇಬಲ್ಲು, ಬಟನ್ನು ಎಲ್ಲವನ್ನೂ ಅವನ ಕೈಗೆ ಕೊಡುತ್ತೇನೆ. ಆದರೆ ಅದನ್ನು ಹಾಗೇ ಹಚ್ಚಿದರೆ ಬೂದೆಮ್ಮನಿಗೆ ಉಪಯೋಗವಿಲ್ಲ, ಅವಳಿಗೆ ಓದು ಬಾರದು. ಅಕ್ಷರದ ಜಾಗದಲ್ಲಿ ಚಿತ್ರ ಬೇಕು. ನೀರಿನ ತಂಬಿಗೆ, ಗಂಜಿಯ ಬಟ್ಟಲು, ಬೆನ್ನು, ಇರುವೆ, ಮೊಮ್ಮಗಳ ಮುಖ. ಅದು ನನ್ನಿಂದಾಗದು, ಅಂಬರೇಶನಿಂದಲೂ ಆಗದು. ಇನ್ನೊಂದು ಮಾತು. ಆ ಬುಧವಾರ ಬಾರಿಸದ ಗಂಟೆಯನ್ನು ನಾವು ನಿನ್ನ ಅವ್ವನ ನಿದ್ದೆ ಎಂದುಕೊಂಡೆವು. ಗೂಗಲ್‌ನಲ್ಲಿ ಹಾಗಾಗಬಾರದು. ದಿನಾ ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಮನೆಯವರೇ ಒಮ್ಮೆ ಒತ್ತಿ ನೋಡಲಿ, ಬಾರಿಸದಿದ್ದರೆ ಆ ರಾತ್ರಿ ಯಾರಾದರೂ ಅವಳ ಪಕ್ಕದಲ್ಲೇ ಮಲಗಲಿ. ಇದನ್ನು ನೀನೇ ಹೇಳು. ಮೇಡಂ ಹೇಳಿದರೆ ಕೇಳುತ್ತಾರೆ.

ಸಾಲುಗಳು ಮೇಲಕ್ಕೆ ಏರುತ್ತಿವೆ, ಕಾಣಿಸುತ್ತಿಲ್ಲ. ಆಗಲೇ ಹೊತ್ತು ಮುಳುಗುತ್ತ ಬಂದಿದೆ, ನಾನು ನೋಡಿಯೇ ಇರಲಿಲ್ಲ. ದೀಪ ಹಾಕಿದರೆ ಏನು ಬರೀತೀ ಎಂದು ಅಕ್ಕ ಬಂದು ನಿಲ್ಲುತ್ತಾಳೆ. ಇಲ್ಲಿಗೆ ಬಿಡುತ್ತೇನೆ.

ಈ ಕಾಗದ ಅಂಬರೇಶನ ಜೇಬಿನಲ್ಲಿ ನಿನ್ನ ಮನೆಗೆ ಬರುತ್ತದೆ. ಓದಿ ಮುಗಿಯುವವರೆಗೆ ನಿಂತಿರು ಎಂದು ಅವನಿಗೆ ಹೇಳುತ್ತೇನೆ. ಅವನು ಈಗ ಬಾಗಿಲಲ್ಲೇ ಇದ್ದಾನೆ, ನೋಡು. ಏನನ್ನೂ ಕೇಳುವುದಿಲ್ಲ, ಕೇಳಬೇಡ ಎಂದಿರುತ್ತೇನೆ. ಗಾಡಿಯಲ್ಲಿ ನಿನ್ನ ಅವ್ವನ ಸ್ಕ್ರೀನು ಇದೆ, ರಗ್ಗಿನಲ್ಲಿ ಸುತ್ತಿದ್ದೇನೆ. ಅವನನ್ನು ಗೂಗಲ್‌ಗೆ ಒಬ್ಬನನ್ನೇ ಕಳಿಸಬೇಡ.

ನಿನ್ನ ಕೈಗೆ ಮತ್ತೆ ಕೆಲಸ ಹತ್ತಲಿ, ಕಣ್ಣಿಗೆ ನಿದ್ದೆ ಹತ್ತಲಿ ಎಂದು ಹರಸುವ

ನಿನ್ನ ಅಪ್ಪ
ಶೇಷಗಿರಿ
ರಾಯಚೂರು